ಎಡಮೂಲೆಯ ಕುದುರೆ

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿವಸ ತಡವಾಗಿ. ಅಂಗಡಿಯ ಬೋರ್ಡು ಬರೆಸಲಿಕ್ಕೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಂದಿದ್ದ ಗಿರಾಕಿಯೊಬ್ಬ ಚಹಾ ಕುಡಿಯುತ್ತ, ಬೇರೆ ಏನೋ ಮಾತಿನ ನಡುವೆ, "ನಿಮ್ಮ ಆ ಟಾಂಗಾದ ಚಾಚಾ ಹೋದ್ರಲ್ಲ, ಗೊತ್ತಾತೇನು?" ಎಂದ. ನನಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕುಂಚವನ್ನು ಎಣ್ಣೆಯಲ್ಲಿ ಅದ್ದಿ ಒರೆಸಿದೆ, ಮತ್ತೆ ಅದ್ದಿ ಒರೆಸಿದೆ. ಅವನು ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿ ಕೆಲಗೇರಿ ಕೆರೆಯ ಕಡೆ ನಡೆದೆ. ಚಾಚಾ ಆ ಕೆರೆಯನ್ನು ಒಮ್ಮೆಯೂ ನೋಡಿದವರಲ್ಲ. ಆದರೂ ಅವರನ್ನು ನೆನೆಯಲಿಕ್ಕೆ ನನಗೆ ಅದೇ ಜಾಗ ಬೇಕಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ. ಹೇಳಿ ಮುಗಿಸುವ ಧೈರ್ಯ ಇದ್ದರೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಬರೆಯುವ ಯೋಗ್ಯತೆಯನ್ನು ನನ್ನ ಕೈ ಕಳೆದುಕೊಂಡಿದೆ. ಹುಬ್ಬಳ್ಳಿ ಸ್ಟೇಶನ್ನಿನ ಎದುರಿಗೆ ಟಾಂಗಾ ನಿಲ್ಲಿಸುವವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಎತ್ತರದ ಆಳು. ಕೂತರೆ ನೇಗಿಲ ಈಸಿನಷ್ಟು ನೆಟ್ಟಗೆ ಕೂರುವವರು, ಇಳಿದು ನಡೆದರೆ ಮಾತ್ರ ಎರಡೂ ಕಾಲು ಹೊರಕ್ಕೆ ಬಾಗಿ, ನಡುವೆ ಒಂದು ಕೊಡ ತೂರಿಸಬಹುದಾಗಿತ್ತು. ಇಂಗ್ಲಿಷರ ಕಾಲದ ರಿಸಾಲೆಯಲ್ಲಿ, ಅಂದರೆ ಕುದುರೆ ದಂಡಿನಲ್ಲಿ, ಹದಿನೇಳು ವರ್ಷ ಸವಾರರಾಗಿದ್ದರಂತೆ. ದೊಡ್ಡ ಯುದ್ಧದ ಮುಂಚೆ ಕುದುರೆಗಳನ್ನು ತೆಗೆದು ಮೋಟಾರು ಕೊಟ್ಟಾಗ, ನನಗೆ ಮೋಟಾರು ಬೇಡ ಎಂದು ಊರಿಗೆ ಬಂದು ಟಾಂಗಾ ಕಟ್ಟಿದರು. ಹೆಂಡತಿ ಸತ್ತಿದ್ದಳು, ಮಗಳನ್ನು ಗದಗಿಗೆ ಕೊಟ್ಟಿದ್ದರು. ಮನೆಯಲ್ಲಿ ಅವರು ಮತ್ತು ಅವರ ಹೆಣ್ಣುಕುದುರೆ, ಇಬ್ಬರೇ.

ಆ ಕುದುರೆಗೆ ಹೆಸರಿರಲಿಲ್ಲ. ಯಾಕೆ ಚಾಚಾ, ಎಲ್ಲರೂ ರಾಣಿ, ಬಿಜಲಿ ಅಂತ ಇಡುತ್ತಾರೆ ಎಂದು ನಾನು ಕೇಳಿದ್ದೆ. ರಿಸಾಲೆಯಲ್ಲಿ ಕುದುರೆಗೆ ಹೆಸರು ಇರುತ್ತಿರಲಿಲ್ಲವಂತೆ, ಗೊರಸಿನ ಮೇಲೆ ಸುಟ್ಟು ಬರೆದ ನಂಬರು ಇರುತ್ತಿತ್ತಂತೆ. ಹೆಸರಿಟ್ಟರೆ ಆಮೇಲೆ ತ್ರಾಸು ಜಾಸ್ತಿ ಎಂದು ಹೇಳಿ ಮಾತು ನಿಲ್ಲಿಸಿದರು. ಅವಳನ್ನು "ಅಕಿ" ಎಂದೇ ಕರೆಯುತ್ತಿದ್ದರು. ಅಕಿ ಉಂಡಳು, ಅಕಿಗೆ ಇವತ್ತು ಮನಸ್ಸಿಲ್ಲ, ಅಕಿಗೆ ನಿಮ್ಮ ಬಣ್ಣದ ವಾಸನೆ ಸೇರೂದಿಲ್ಲ. ಅವಳು ಮೇವು ಮುಗಿಸಿ ಮುಸುಡಿ ಎತ್ತುವವರೆಗೆ ತಾವು ರೊಟ್ಟಿ ಮುರಿಯುತ್ತಿರಲಿಲ್ಲ. ಚಾಬೂಕು ಟಾಂಗಾದಲ್ಲಿ ಇತ್ತು, ಆದರೆ ಅದಕ್ಕೆ ಟವೆಲ್ಲು ಒಣಹಾಕುವುದನ್ನು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಒಮ್ಮೆ ದುರ್ಗದ ಬೈಲಿನಲ್ಲಿ ಒಂದು ಮದುವೆಯ ಮೆರವಣಿಗೆ ಹೊರಟಿತ್ತು. ಬ್ಯಾಂಡು ಬಾರಿಸುತ್ತಿದೆ, ಮದುಮಗ ಬಾಸಿಂಗ ಕಟ್ಟಿಕೊಂಡು ಕುದುರೆಯ ಮೇಲೆ ಕೂತಿದ್ದಾನೆ. ಚಾಚಾ ಟಾಂಗಾದಿಂದ ಇಳಿದವರೇ ನೆಟ್ಟಗೆ ಹೋಗಿ ಆ ಕುದುರೆಯ ಲಗಾಮು ಹಿಡಿದು ನಿಲ್ಲಿಸಿಬಿಟ್ಟರು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಲ್ಲ ಒಟ್ಟಿಗೆ ಬೈದರು. ಅಷ್ಟು ಬೇಗ ಎರಡು ಕಡೆಯವರಲ್ಲಿ ಒಮ್ಮತ ಮೂಡಿದ್ದನ್ನು ನಾನು ಬೇರೆ ಯಾವ ಮದುವೆಯಲ್ಲೂ ಕಂಡಿಲ್ಲ. ಇವರು ಬಗ್ಗಿ, ಕುದುರೆಯ ಹಿಂಗಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಗೊರಸಿನಲ್ಲಿ ಸಿಕ್ಕ ಜಲ್ಲಿ ಚೂರು ಕಿತ್ತು ತೆಗೆದು ಮದುಮಗನ ಕೈಗೆ ಕೊಟ್ಟರು. "ಇದನ್ನ ಬೂಟಿನಾಗ ಇಟ್ಕೊಂಡು ಹತ್ತು ಹೆಜ್ಜಿ ನಡದ ನೋಡ್ರಿ" ಎಂದು ಹೇಳಿ ಬಂದು ಟಾಂಗಾ ಹತ್ತಿದರು.

ನಾನು ಆಗ ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಬ್ಯಾನರ್ ಪೇಂಟರ್. ಮ್ಯಾಟ್ರಿಕ್ ಪಾಸು, ಡ್ರಾಯಿಂಗ್ ಪರೀಕ್ಷೆ ಪಾಸು, ವಯಸ್ಸು ಇಪ್ಪತ್ತಾರು, ನನ್ನಂಥ ಕಲಾವಿದ ಈ ಸೀಮೆಯಲ್ಲೇ ಇಲ್ಲ ಎಂಬ ಹಮ್ಮು. ಟಾಕೀಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ದಪ್ಪ ಬಟ್ಟೆ ಬಿಗಿದು, ಕಂಪನಿಯವರು ಕಳಿಸಿದ ಫೋಟೋದ ಮೇಲೆ ಸಣ್ಣ ಚೌಕ ಎಳೆದು, ಬಟ್ಟೆಯ ಮೇಲೆ ದೊಡ್ಡ ಚೌಕ ಎಳೆದು ಚಿತ್ರ ತೆಗೆಯುತ್ತಿದ್ದೆ. ಚಾಚಾನದು ಪ್ರಚಾರದ ಟಾಂಗಾ. ಹೊಸ ಸಿನೇಮಾ ಬಂದಾಗ ಟಾಂಗಾದ ಎರಡೂ ಮಗ್ಗುಲಿಗೆ ನಾನು ಬರೆದ ಹಲಗೆ ಕಟ್ಟಬೇಕು. ಒಳಗೆ ಕೂತವನೊಬ್ಬ ತಗಡಿನ ಭೋಂಗಾದಲ್ಲಿ ಕೂಗುತ್ತ ಹ್ಯಾಂಡಬಿಲ್ಲು ತೂರಬೇಕು. ಚಾಚಾ ಊರೆಲ್ಲ ಸುತ್ತಬೇಕು. ಉಳಿದ ದಿನ ಸ್ಟೇಶನ್ನಿನ ಬಾಡಿಗೆ.

ಐವತ್ತರ ದಶಕ ಮುಗಿಯುತ್ತ ಬಂದ ಒಂದು ವರ್ಷ, ದೀಪಾವಳಿಯ ಸುಮಾರಿಗೆ, ಒಂದು ಇಂಗ್ಲಿಷ್ ಸಿನೇಮಾ ಬಂತು. ಅಮೆರಿಕಾದ ಕುದುರೆ ದಂಡಿನ ಕಥೆ. ನೀಲಿ ಕೋಟು, ಕೊರಳಿಗೆ ಹಳದಿ ವಸ್ತ್ರ, ಕೆಂಪು ಬಂಡೆಗಳ ಬಯಲು, ಕಟ್ಟಿಗೆಯ ಕೋಟೆ. ಅಲ್ಲಿಯ ಮೂಲದ ಮಂದಿ ಗುಡ್ಡದ ಮೇಲೆ ಸಾಲಾಗಿ ನಿಂತು ನೋಡುತ್ತಾರೆ, ಇವರು ತುತ್ತೂರಿ ಊದಿ ನುಗ್ಗುತ್ತಾರೆ. ಮಾತು ಒಬ್ಬರಿಗೂ ತಿಳಿಯುತ್ತಿರಲಿಲ್ಲ, ಅದರಿಂದ ಒಬ್ಬರಿಗೂ ತೊಂದರೆ ಆಗಲಿಲ್ಲ. ನಾನು ಬ್ಯಾನರಿನಲ್ಲಿ ಎಂಟು ಕುದುರೆಗಳನ್ನು ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲಿಸಿಬಿಟ್ಟಿದ್ದೆ. ಚಾಚಾ ಹಲಗೆ ಕಟ್ಟಿಸಿಕೊಳ್ಳಲಿಕ್ಕೆ ಬಂದವರು ನೋಡಿ, ಇವು ಎಂಟೂ ಕುಂಟು ಎಂದರು. ಸವಾರರು ಲಗಾಮನ್ನು ಬಲಗೈಯಲ್ಲಿ ಹಿಡಿದಿದ್ದಾರೆ, ಹಾಗಾದರೆ ಕತ್ತಿ ಹಲ್ಲಿನಲ್ಲಿ ಹಿಡಿಯುತ್ತಾರೇನು ಎಂದೂ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ನೀವು ಟಾಂಗಾ ಹೊಡೀರಿ, ಚಿತ್ರ ನಾನು ತೆಗೆಯುತ್ತೇನೆ ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅವರು ಕುದುರೆಯನ್ನು ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿದರು. ನನ್ನ ಕೈ ಹಿಡಿದು ಅವಳ ಮುಂಗಾಲಿನ ಮೇಲೆ ಇರಿಸಿದರು. ಮೊಣಕಾಲು ಎಲ್ಲಿ, ಅದರ ಕೆಳಗಿನ ನಳಿಗೆಯ ಎಲುಬು ಎಷ್ಟು ಸಣ್ಣದು, ಅಷ್ಟು ದೊಡ್ಡ ದೇಹದ ಭಾರ ಅಷ್ಟು ಸಣ್ಣ ಎಲುಬಿನ ಮೇಲೆ ಹೇಗೆ ನಿಲ್ಲುತ್ತದೆ, ಎಲ್ಲ ಮುಟ್ಟಿಸಿ ತೋರಿಸಿದರು. ಬೆಚ್ಚಗಿತ್ತು ಆ ಕಾಲು. ಆಮೇಲೆ ಅವರು ಹೇಳಿದ ಮಾತನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ. "ಪೇಂಟರ, ಸಣ್ಣ ಸಣ್ಣದು ಬರೋಬ್ಬರಿ ಇದ್ರ ಮಂದಿ ದೊಡ್ಡದನ್ನ ನಂಬ್ತಾರ." ಆ ಎಂಟೂ ಕುದುರೆಗಳ ಮೇಲೆ ಬಿಳಿ ಬಳಿದು ನಾನು ಮತ್ತೆ ಬರೆದೆ. ಆ ಬ್ಯಾನರು ನೋಡಲಿಕ್ಕೆ ಧಾರವಾಡದಿಂದ ಮಂದಿ ಬಂದರು. ನನ್ನ ಜೀವಮಾನದ ಒಳ್ಳೆಯ ಕೆಲಸ ಅದೊಂದೇ.

ಪ್ರಚಾರದವರಿಗೆ ಬೆಂಚಿನ ಕ್ಲಾಸಿನಲ್ಲಿ ಪುಕ್ಕಟೆ ಪ್ರವೇಶ. ಆದರೆ ಚಾಚಾ ಎಂದೂ ಸಿನೇಮಾ ನೋಡಿದವರಲ್ಲ, ಈ ಕುದುರೆಗಳಿಗೋಸ್ಕರ ಒಳಗೆ ಹೋದರು. ಹೊರಗೆ ಬಂದಾಗ ಮುಖ ಕಪ್ಪಿಟ್ಟಿತ್ತು. ದಂಡು ನದಿ ದಾಟುವ ಒಂದು ದೃಶ್ಯವಿದೆ. ಮಂದಿಯೆಲ್ಲ ಸೀಟಿ ಹೊಡೆಯುತ್ತ ನಡುವಿನ ನಾಯಕನನ್ನು ನೋಡುತ್ತಿರುತ್ತಾರೆ. ಅದೇ ಹೊತ್ತಿಗೆ ಪರದೆಯ ಎಡಮೂಲೆಯಲ್ಲಿ ಒಂದು ಕೆಂಪು ಕುದುರೆ, ಒಂದು ಕಾಲಿಗೆ ಬಿಳಿ ಪಟ್ಟೆ, ತಲೆ ಅಡಿಯಾಗಿ ಬೀಳುತ್ತದೆ. ಏಳಲು ನೋಡುತ್ತದೆ, ಮುಂಗಾಲು ಜೋತಾಡುತ್ತದೆ. ಅಷ್ಟರಲ್ಲಿ ದೃಶ್ಯ ಬದಲಾಗುತ್ತದೆ. ಸಾವಿರ ಜನರಲ್ಲಿ ಅದನ್ನು ಕಂಡವರು ಚಾಚಾ ಒಬ್ಬರೇ ಇರಬೇಕು.

"ಆ ಕುದರಿ ಮುಂದ ಏನಾತು?" ಎಂದು ನನ್ನನ್ನು ಕೇಳಿದರು.

ಸಿನೇಮಾದಲ್ಲಿ ಎಲ್ಲ ಸುಳ್ಳು, ಸತ್ತವರೂ ಎದ್ದು ಹೋಗಿ ಚಹಾ ಕುಡಿಯುತ್ತಾರೆ ಎಂದು ನಾನು ನಕ್ಕೆ. ಅವರು ನಗಲಿಲ್ಲ.

"ಮನಶ್ಯಾ ಸುಳ್ಳ ಸುಳ್ಳ ಬೀಳ್ತಾನ. ಕುದರಿ ಹಂಗ ಬೀಳೂದಿಲ್ಲ. ಎರಡೂ ಕಾಲು ಒಮ್ಮಿಗೇ ಹಿಂದಕ್ಕ ಹೋದವು. ಯಾರೋ ಕಾಲಿಗೆ ತಂತಿ ಕಟ್ಟ್ಯಾರ."

ಸಿನೇಮಾ ಎಂಟು ದಿನ ಓಡಿತು. ಎಂಟೂ ದಿನ ಮಧ್ಯಾಹ್ನದ ಆಟಕ್ಕೆ ಹೋಗಿ, ಆ ನದಿಯ ದೃಶ್ಯ ಮುಗಿದ ಕೂಡಲೇ ಎದ್ದು ಬಂದರು. ಒಂದು ದಿನವಾದರೂ ಆ ಕುದುರೆ ಏಳುತ್ತದೇನೋ ಎಂಬಂತೆ ಹೋಗುತ್ತಿದ್ದರು. ಬ್ಯಾನರು ಇಳಿಸುವ ದಿನ ಶೆಡ್ಡಿಗೆ ಬಂದು ಹಲಗೆಯ ಮೇಲೆ ಕೂತು, ಅದುವರೆಗೆ ಯಾರಿಗೂ ಹೇಳದ ಸಂಗತಿ ಹೇಳಿದರು. ರಿಸಾಲೆಯಲ್ಲಿ ಕುದುರೆಯ ಕಾಲು ಮುರಿದರೆ ಒಂದೇ ಕಾಯಿದೆ, ಗುಂಡು. ಬೇರೆಯವರ ಕೈ ನಡುಗುತ್ತಿತ್ತು, ಇವರ ಕೈ ನಡುಗುತ್ತಿರಲಿಲ್ಲ, ಹಾಗಾಗಿ ಇವರನ್ನೇ ಕರೆಯುತ್ತಿದ್ದರು. ಎಡಗಿವಿಯಿಂದ ಬಲಗಣ್ಣಿಗೆ ಒಂದು ಗೆರೆ, ಬಲಗಿವಿಯಿಂದ ಎಡಗಣ್ಣಿಗೆ ಒಂದು ಗೆರೆ, ಅವು ಕೂಡುವ ಜಾಗದಲ್ಲಿ ಗುಂಡು. ಆರು ಕುದುರೆ. ಆರನೆಯದು ಅವರದೇ. ಅದು ಕೊನೆಯವರೆಗೂ ಅವರ ಜೇಬನ್ನು ಮೂಸುತ್ತಿತ್ತಂತೆ, ಬೆಲ್ಲ ಇದೆಯೇನೋ ಎಂದು. ಬೇರೆ ದಾರಿ ಇತ್ತೇನೋ ಎಂದು ಅವತ್ತಿನಿಂದ ಇವತ್ತಿನವರೆಗೂ ಯೋಚನೆ ಮಾಡುತ್ತೇನೆ ಎಂದರು. ಅಮೆರಿಕಾದವರು ದೊಡ್ಡ ಮಂದಿ, ಅವರಿಗೆ ಬೇರೆ ದಾರಿ ಗೊತ್ತಿರಬಹುದು. ಒಂದು ಕಾಗದ ಬರೆದು ಕೇಳು ಎಂದರು.

ಬರೆದೆ. ಅವರ ಎದುರಿಗೇ ಕೂತು, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದೆ: ನದಿ ದಾಟುವಾಗ ಎಡಮೂಲೆಯಲ್ಲಿ ಬಿದ್ದ, ಒಂದು ಕಾಲಿಗೆ ಬಿಳಿ ಪಟ್ಟೆಯಿರುವ ಕೆಂಪು ಕುದುರೆ ಈಗ ಹೇಗಿದೆ, ದಯವಿಟ್ಟು ತಿಳಿಸಬೇಕು. ಚಾಚಾ ಇಂಗ್ಲಿಷ್ ಓದುತ್ತಿರಲಿಲ್ಲ. ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು. ನಾನು ವಿಳಾಸ ಕೇಳಲಿಕ್ಕೆ ಟಾಕೀಸಿನ ಮ್ಯಾನೇಜರರ ಹತ್ತಿರ ಹೋದೆ. ಅವರು ಓದಿ, ಇಡೀ ಆಫೀಸಿಗೆ ಕೇಳುವ ಹಾಗೆ ನಕ್ಕರು. ನನಗೆ ನಾಚಿಕೆಯಾಯಿತು. ಆ ಕಾಗದವನ್ನು ಬಣ್ಣದ ಪೆಟ್ಟಿಗೆಯ ತಳಕ್ಕೆ ಹಾಕಿ, ಟಪಾಲಿಗೆ ಹಾಕಿದೆ ಎಂದು ಚಾಚಾನಿಗೆ ಹೇಳಿದೆ. ನನ್ನ ಮೊದಲ ಸುಳ್ಳು ಅದು. ಅದೊಂದರಲ್ಲೇ ನಿಂತಿದ್ದರೆ ಇವತ್ತು ಇಷ್ಟು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಎರಡು ತಿಂಗಳು ಚಾಚಾ ದಿನಾ ಶೆಡ್ಡಿನ ಮುಂದೆ ಟಾಂಗಾ ನಿಲ್ಲಿಸಿ ಕಾಗದ ಬಂತೇನು ಎಂದು ಕೇಳಿದರು. ಕೇಳಿ, ಇಲ್ಲ ಎನಿಸಿಕೊಂಡು, ಕುದುರೆಗೆ ಏನೋ ಹೇಳುತ್ತ ಮುಂದೆ ಹೋಗುವರು. ನನಗೆ ಕನಿಕರ ಬಂತು ಎಂದು ಹೇಳಿದರೆ ಅರ್ಧ ಮಾತ್ರ ನಿಜ. ಬೇಸರವೂ ಬಂದಿತ್ತು. ಈ ಮುದುಕನಿಗೆ ಒಂದು ಉತ್ತರ ಸಿಕ್ಕರೆ ಸುಮ್ಮನಾಗುತ್ತಾನೆ ಎಂದುಕೊಂಡೆ. ಆ ಸಿನೇಮಾದ ಫೋಟೋಗಳ ಜೊತೆ ಬಂದಿದ್ದ ಒಂದು ನುಣುಪು ಹಾಳೆಯ ಮೇಲ್ಗಡೆ ಕಂಪನಿಯ ಬಣ್ಣದ ಮುದ್ರೆ ಇತ್ತು. ಒಂದು ರವಿವಾರ ಆಫೀಸಿನ ಟೈಪರೈಟರಿನಲ್ಲಿ ಅದರ ಖಾಲಿ ಜಾಗದ ಮೇಲೆ ಉತ್ತರ ಹೊಡೆದೆ.

ಕುದುರೆ ಬದುಕಿದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಾಗುತ್ತಿತ್ತು. ಆದರೆ ಸಣ್ಣ ಸಣ್ಣದು ಬರೋಬ್ಬರಿ ಇರಬೇಕಲ್ಲ, ಅವರೇ ಕಲಿಸಿದ್ದು. ಹಾಗಾಗಿ ಎಲ್ಲ ಬರೆದೆ. ಮುಂಗಾಲಿನ ನಳಿಗೆ ಮುರಿದಿತ್ತು. ನಮ್ಮ ಡಾಕ್ಟರು ಮಾಡಿನ ತೊಲೆಗೆ ದಪ್ಪ ಬಟ್ಟೆಯ ಜೋಲಿ ಕಟ್ಟಿ, ಅದನ್ನು ಹೊಟ್ಟೆಯ ಕೆಳಗೆ ಹಾಯಿಸಿ, ಕಾಲಿನ ಮೇಲೆ ಭಾರ ಬೀಳದ ಹಾಗೆ ಎತ್ತಿ ನಿಲ್ಲಿಸಿದರು. ಕಾಲಿಗೆ ಕಟ್ಟಿಗೆಯ ಪಟ್ಟಿ ಕಟ್ಟಿದರು. ನಾಲ್ಕು ತಿಂಗಳಿಗೆ ಎಲುಬು ಕೂಡಿತು. ಈಗ ಅದಕ್ಕೆ ಕೆಲಸ ಇಲ್ಲ, ಒಂದು ಕೆರೆಯ ದಂಡೆಯಲ್ಲಿ ಮೇಯುತ್ತದೆ. ಅಮೆರಿಕಾದ ಹುಲ್ಲುಗಾವಲು ನಾನು ಎಲ್ಲಿ ಕಂಡಿದ್ದೆ? ಚಿಕ್ಕಂದಿನಲ್ಲಿ ನೋಡಿದ್ದ ಕೆಲಗೇರಿ ಕೆರೆಯ ದಂಡೆಯನ್ನೇ ಬರೆದೆ, ಬೆಳಗಿನ ಮಂಜು, ನೀರಿನ ಅಂಚಿನ ಹಸಿರು ಎಲ್ಲ ಹಾಗೇ. ಬರೆದು ಮುಗಿಸಿ ಓದಿಕೊಂಡಾಗ ನನಗೇ ಖುಷಿಯಾಯಿತು.

ಮರುದಿನ ಕಾಗದ ಬಂತು ಎಂದು ಚಾಚಾನಿಗೆ ತೋರಿಸಿ, ಓದಿ ಕನ್ನಡದಲ್ಲಿ ಹೇಳಿದೆ. ಚಾಚಾ ಮೂರು ಸಲ ಓದಿಸಿದರು. ನಾಲ್ಕು ತಿಂಗಳೇನು ಎಂದು ಕೇಳಿದರು, ಹೌದು ಎಂದೆ. ಮುಖ ಅರಳುತ್ತದೆ ಎಂದು ಕಾಯುತ್ತಿದ್ದೆ. ಅವರು ಹಲಗೆಯ ಮೇಲೆ ಮೆಲ್ಲಗೆ ಕೂತು, ಎರಡೂ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿಕೊಂಡರು.

"ಅಂದ್ರ ನಾ ಆರು ಕುದರಿ ಸುಮ್ಮನ ಕೊಂದೆ, ಪೇಂಟರ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಕಾಲ ಬೇರೆ, ದಂಡಿನಲ್ಲಿ ಇಂಥ ಅನುಕೂಲ ಎಲ್ಲಿತ್ತು, ನೀವು ಹುಕುಂ ಪಾಲಿಸಿದಿರಿ ಎಂದೆಲ್ಲ ಬಡಬಡಿಸಿದೆ. ಅವರು ತಲೆ ಆಡಿಸಿ, ಕಾಗದವನ್ನು ಮೇಣಗಪ್ಪಡದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಇಟ್ಟರು. ಆ ಕ್ಷಣದಲ್ಲೇ ಸುಳ್ಳು ಎಂದು ಹೇಳಿಬಿಟ್ಟಿದ್ದರೆ ಅವರು ನನ್ನ ಕಪಾಳಕ್ಕೆ ಬಾರಿಸುತ್ತಿದ್ದರು, ಅಷ್ಟಕ್ಕೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಆ ದಿನದ ನಂತರ ಚಾಚಾ ಟಾಂಗಾ ಸ್ಟ್ಯಾಂಡಿನಲ್ಲಿ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅದು ಆಯಿತು. ಬಾಡಿಗೆ ಬಿಟ್ಟು ಖಾಲಿ ಟಾಂಗಾ ಹೊಡೆದುಕೊಂಡು ಬರುತ್ತ ರೈಲ್ವೆ ಗೇಟು ದಾಟುವಾಗ, ಹಳಿ ಮತ್ತು ಹಲಗೆಯ ನಡುವಿನ ಸಂದಿಯಲ್ಲಿ ಅವಳ ಗೊರಸು ಸಿಕ್ಕಿತು. ಹಿಂದಿನ ಲಾರಿಯವನು ಹಾರ್ನು ಬಾರಿಸಿದ. ಅವಳು ಹೆದರಿ ಮುಂದಕ್ಕೆ ಜಗ್ಗಿದಳು. ನನಗೆ ಸುದ್ದಿ ಬಂದು ನಾನು ಓಡಿ ಮುಟ್ಟುವ ಹೊತ್ತಿಗೆ ಟಾಂಗಾದವರೆಲ್ಲ ಸೇರಿ ಅವಳನ್ನು ಕೈಗಾಡಿಯ ಮೇಲೆ ಹೇರಿ ತಬೇಲೆಗೆ ತಂದಿದ್ದರು. ಮುಂಗಾಲಿನ ನಳಿಗೆ, ನಾನು ಮುಟ್ಟಿದ್ದ ಅದೇ ಎಲುಬು, ಜೋತಾಡುತ್ತಿತ್ತು. ದನದ ದವಾಖಾನೆಯ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ನನಗಿಂತ ಎರಡು ಮೂರು ವರ್ಷ ದೊಡ್ಡವರು. ನೋಡಿ, ಇಂಜೆಕ್ಷನ್ ಕೊಟ್ಟು ಕಾಯಂ ಮಲಗಿಸಿಬಿಡೋಣ, ನೋವು ಗೊತ್ತಾಗುವುದಿಲ್ಲ ಎಂದರು. ನೆರೆದವರೆಲ್ಲ ಚಾಚಾನ ಮುಖ ನೋಡಿದರು. ಇಂಥ ಕೆಲಸ ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು?

ಚಾಚಾ ಕೋಟಿನ ಒಳಜೇಬಿಗೆ ಕೈ ಹಾಕಿ ಕಾಗದ ತೆಗೆದರು.

"ಇದನ್ನ ಓದ್ರಿ, ಡಾಕ್ಟರ ಸಾಹೇಬ್ರ. ಅಮೆರಿಕಾದವ್ರು ಬರದಾರ. ಅವರು ಉಳಿಸ್ಯಾರ."

ಡಾಕ್ಟರು ಓದಿದರು. ಮುದ್ರೆ ನೋಡಿದರು, ಕಾಗದ ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ ಸುತ್ತ ನಿಂತವರನ್ನು ನೋಡುತ್ತ ಬಂದು ಅವರ ಕಣ್ಣು ನನ್ನ ಮೇಲೆ ನಿಂತಿತು. ಬಣ್ಣ ಮೆತ್ತಿದ ಬೆರಳಿನ ನಾನೊಬ್ಬನೇ ಅಲ್ಲಿ ಇಂಗ್ಲಿಷ್ ಬಲ್ಲವನ ಹಾಗೆ ಕಾಣುತ್ತಿದ್ದೆನೋ ಏನೋ. ನಾನು ಕಣ್ಣು ತಗ್ಗಿಸಿದೆ. ಬಾಯಿ ಬಿಡಲಿಕ್ಕೆ ನನಗೆ ಅಷ್ಟು ಸಮಯ ಇತ್ತು, ಆ ಮನುಷ್ಯ ಅಷ್ಟು ಸಮಯ ಕೊಟ್ಟರು. ಕೊನೆಗೆ ಅವರೇ, ಕಾಗದದಲ್ಲಿ ಹಾಗಿದೆ ನಿಜ, ಆದರೆ ನಾನು ಕಲಿತ ಮಟ್ಟಿಗೆ ಕುದುರೆಗೆ ಇದು ಆಗುವುದಿಲ್ಲ, ಬಹಳ ನರಳುತ್ತದೆ ಎಂದರು. ಚಾಚಾ ಕೇಳಲಿಲ್ಲ. ಹದಿನೇಳು ವರ್ಷದ ಕಸಬು, ಆರು ಕುದುರೆಯ ಲೆಕ್ಕ, ತಮ್ಮ ಕಣ್ಣು, ತಮ್ಮ ಕೈ, ಎಲ್ಲಕ್ಕಿಂತ ನನ್ನ ಒಂದು ಹಾಳೆಯನ್ನು ಅವರು ಹೆಚ್ಚು ನಂಬಿದರು. ಏಳನೆಯ ಕುದುರೆಯನ್ನು ಕೊಲ್ಲುವುದಿಲ್ಲ ಎಂದು ಹಟ ಹಿಡಿದರು.

ಜೋಲಿಗೆ ದಪ್ಪ ಬಟ್ಟೆ ಬೇಕಾಗಿತ್ತು. ನನ್ನ ಶೆಡ್ಡಿನಲ್ಲಿ ಆ ಹಳೆಯ ಬ್ಯಾನರು ಇನ್ನೂ ಇತ್ತು. ನಾನೇ ಹೊತ್ತು ತಂದೆ. ನಾಲ್ಕು ಪದರು ಮಡಚಿ, ಹೊಟ್ಟೆಯ ಕೆಳಗೆ ಹಾಯಿಸಿ, ತೊಲೆಗೆ ಹಗ್ಗ ಹಾಕಿ ಹತ್ತು ಮಂದಿ ಎಳೆದೆವು. ನೀಲಿ ಕೋಟಿನ ಸವಾರರು, ನಾನು ತಿದ್ದಿ ತಿದ್ದಿ ಬರೆದ ಕುದುರೆಗಳು ಅವಳ ಹೊಟ್ಟೆಗೆ ಆತುಕೊಂಡವು. ಅವಳು ಒಂದು ಸಲ ಕೂಗಿದಳು. ಕುದುರೆ ಹಾಗೆ ಕೂಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹದಿನೆಂಟು ದಿನ. ಮೊದಲ ವಾರ ಅವಳು ಸ್ವಲ್ಪ ಹುಲ್ಲು ತಿಂದಳು, ಚಾಚಾ ಊರಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ಬಟ್ಟೆ ಉಜ್ಜಿ ಉಜ್ಜಿ ಹೊಟ್ಟೆಯ ಚರ್ಮ ಸುಲಿಯಿತು. ಬಣ್ಣ ಬಳಿದ ಬಟ್ಟೆ ಅದು, ಒರಟು. ಹುಣ್ಣಾಯಿತು, ನೊಣ ಮುತ್ತಿದವು. ಭಾರವೆಲ್ಲ ಹೊತ್ತ ಇನ್ನೊಂದು ಮುಂಗಾಲೂ ಬಾತುಕೊಂಡಿತು. ಡಾಕ್ಟರು ಕರೆಯದೆಯೇ ದಿನಾ ಬಂದು ಮುಲಾಮು ಹಚ್ಚಿ ಹೋಗುತ್ತಿದ್ದರು, ನನ್ನೊಡನೆ ಮಾತಾಡುತ್ತಿರಲಿಲ್ಲ. ಚಾಚಾ ಆಗಿನಿಂದ ತಬೇಲೆ ಬಿಟ್ಟು ಕದಲಲಿಲ್ಲ. ಹತ್ತನೆಯ ದಿನ ನನ್ನನ್ನು ಕರೆಸಿ ಇನ್ನೊಂದು ಕಾಗದ ಬರೆಸಿದರು. ನೀವು ಜೋಲಿಯನ್ನು ಎಷ್ಟು ಬಿಗಿ ಕಟ್ಟಿದ್ದಿರಿ, ಹೊಟ್ಟೆಗೆ ಹುಣ್ಣಾದಾಗ ಏನು ಹಚ್ಚಿದಿರಿ, ತಿನ್ನದಿದ್ದಾಗ ಏನು ಕೊಟ್ಟಿರಿ. ವಿಮಾನದ ಟಪಾಲಿಗೆ ಹಾಕು, ಲಗೂ ಮುಟ್ಟಲಿ ಎಂದರು. ಅವರ ಎದುರಿಗೆ ಕೂತು ಒಂದೊಂದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬರೆದುಕೊಂಡೆ. ಶೆಡ್ಡಿಗೆ ಬಂದು ಅದನ್ನೂ ಬಣ್ಣದ ಪೆಟ್ಟಿಗೆಯ ತಳಕ್ಕೆ, ಮೊದಲಿನ ಕಾಗದದ ಮೇಲೆ ಹಾಕಿದೆ.

ಹದಿನೈದನೆಯ ದಿನ, ಏನಾದರೂ ಆಗಲಿ, ಹೇಳಿಯೇ ಬಿಡುತ್ತೇನೆ ಎಂದು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ತಲೆ ಎತ್ತಲಾರದಷ್ಟು ಭಾರವಾಗಿತ್ತು, ಚಾಚಾ ಅದನ್ನು ತಮ್ಮ ಹೆಗಲ ಮೇಲೆ ಹೊತ್ತುಕೊಂಡು ನಿಂತಿದ್ದರು. ಬೆಳಗಿನಿಂದ ಹಾಗೇ ನಿಂತಿದ್ದಾರೆ ಎಂದು ಪಕ್ಕದವರು ಹೇಳಿದರು. "ಚಾಚಾ, ಆ ಕಾಗದ" ಎಂದೆ. ಅವರು ಥಟ್ಟನೆ ಮುಖ ಎತ್ತಿದರು.

"ಬಂತೇನು?"

ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಅಂಥ ಮುಖಕ್ಕೆ ನಿಜ ಹೇಳುವ ಗಂಡಸುತನ ನನ್ನಲ್ಲಿರಲಿಲ್ಲ. ಇನ್ನೂ ಬಂದಿಲ್ಲ, ಬರುತ್ತದೆ ಎಂದೆ.

ಹದಿನೆಂಟನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವಳು ಹೋದಳು. ಹಗ್ಗ ಬಿಚ್ಚಿದಾಗ ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು. ಚಾಚಾ ಅಳಲಿಲ್ಲ. ನೀರು ಹಾಕಿ ನೆನೆಸಿ, ಬಟ್ಟೆಯನ್ನು ಮೆಲ್ಲಗೆ ಬಿಡಿಸಿದರು, ಸತ್ತ ಮೇಲೂ ನೋಯುತ್ತದೇನೋ ಎಂಬ ಹಾಗೆ. ಡಾಕ್ಟರು ನನ್ನ ಪಕ್ಕದಲ್ಲಿ ಹಾಯ್ದು ಹೋಗುವಾಗ ಒಂದೇ ಮಾತು ಕೇಳಿದರು, ಅದೂ ಮೆಲ್ಲಗೆ, ಈಗಲಾದರೂ ಹೇಳ್ತೀರೇನು ಎಂದು. ಹೇಳಿದರೆ ಅವರ ಹದಿನೆಂಟು ದಿನಕ್ಕೂ ಅರ್ಥ ಇಲ್ಲದಂತಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳೇ. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಎಂಟು ದಿನದ ಮೇಲೆ ಚಾಚಾ ಶೆಡ್ಡಿಗೆ ಬಂದರು. ನಡೆದುಕೊಂಡು ಬಂದಿದ್ದರು. ಅವರು ಅಷ್ಟು ದೂರ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊನೆಯದೊಂದು ಕಾಗದ ಬರೆಯಬೇಕು ಎಂದರು. ಪಾಪ, ಅಷ್ಟು ದೂರದವರು ನಮ್ಮಂಥವರಿಗೆ ಉತ್ತರ ಬರೆದರು, ಅವರಿಗೆ ತಿಳಿಸದೆ ಇರುವುದು ಮರ್ಯಾದೆಯಲ್ಲ. ಅವರು ಹೇಳಿದರು, ನಾನು ಬರೆದುಕೊಂಡೆ.

"ನೀವು ಹೇಳಿದಂಗ ಮಾಡಿದ್ವಿ. ನಮ್ಮ ಕೈಲೆ ಆಗಲಿಲ್ಲ. ತಪ್ಪು ನಿಮ್ಮ ಕಾಗದದ್ದಲ್ಲ, ನನ್ನ ಕೈಯದ್ದು. ನೀವು ಏನೂ ಮನಸಿಗೆ ಹಚ್ಚಿಗೊಬ್ಯಾಡ್ರಿ. ನಿಮ್ಮ ಕುದರಿ ಕೆರಿ ದಂಡ್ಯಾಗ ಮೇಯಾಕತ್ತೈತಿ ಅನ್ನೂದ ನೆನಸಿದ್ರ ನನಗ ನಿದ್ದಿ ಬರತೈತಿ. ಅದರ ಜ್ವಾಕಿ ಮಾಡ್ರಿ."

ಸಹಿ ಹಾಕಿದರು. ಲಕೋಟೆಗೆ ಹಾಕಿ ಅಂಟಿಸಿದೆ. ನಾನು ಟಪಾಲಿಗೆ ಹಾಕುತ್ತೇನೆ, ಕೊಡ್ರಿ ಎಂದೆ. ಅವರು ಬೇಡ ಎಂದರು, ಇದೊಂದನ್ನು ತಮ್ಮ ಕೈಯಾರೆ ಹಾಕುತ್ತಾರಂತೆ. ವಿಳಾಸ ಅಷ್ಟು ಬರೆದುಕೊಡು ಎಂದು ಎದುರಿಗೆ ನಿಂತರು. ನಾನು ಲೇಖನಿ ಹಿಡಿದೆ. ಆ ಕಾಗದ ಮುಟ್ಟಬೇಕಾದ ಮನುಷ್ಯ ಜಗತ್ತಿನಲ್ಲಿ ಒಬ್ಬನೇ ಇದ್ದ. ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆದೆ, ನನ್ನ ಓಣಿ ಬರೆದೆ, ಹುಬ್ಬಳ್ಳಿ ಎಂದು ಬರೆದು ಕೆಳಗೆ ಗೆರೆ ಎಳೆದೆ. ಚಾಚಾ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಮಸಿ ಆರಲಿ ಎಂದು ಊದಿ, ಸ್ಟೇಶನ್ನಿನ ಟಪಾಲು ಡಬ್ಬಿಯ ಕಡೆ ಹೋದರು.

ಎರಡನೆಯ ದಿನ ಪೋಸ್ಟಮನ್ ಬಂದು ಅದನ್ನು ನನ್ನ ಕೈಗೆ ಕೊಟ್ಟ. ಆ ತಿಂಗಳೇ ನಾನು ಹುಬ್ಬಳ್ಳಿ ಬಿಟ್ಟೆ. ಧಾರವಾಡದಲ್ಲಿ ಅಂಗಡಿಯ ಬೋರ್ಡು ಬರೆಯುತ್ತೇನೆ, ಅಕ್ಷರ ಮಾತ್ರ. ಚಿತ್ರ ಬರೆಯುವುದಿಲ್ಲ. ಕಾಗದ ನನ್ನ ಹತ್ತಿರವೇ ಇದೆ, ಅಂಟು ಬಿಚ್ಚಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಕೆಲಗೇರಿ ಕೆರೆಯ ದಂಡೆಯ ಮೇಲೆ ಬಹಳ ಹೊತ್ತು ಕೂತಿದ್ದೆ. ಎಮ್ಮೆಗಳು ಮೇಯುತ್ತಿದ್ದವು. ಕುದುರೆ ಇರಲಿಲ್ಲ.